ಬಡಗಿಯ ಕೈಗೆ ರೂಟರ್ ಬಂದ ಬಗೆ

ವೇಗವಾಗಿ ತಿರುಗುವ ಸಣ್ಣ ಅಲಗಿನಿಂದ ಮರದಲ್ಲಿ ತೋಡು ತೆಗೆಯುವ, ಅಂಚಿಗೆ ಆಕಾರ ಕೊಡುವ ಯಂತ್ರವೇ ರೂಟರ್. ನೇರವಾಗಿ ನಿಂತ ಒಂದು ಮೋಟಾರು, ಅದರ ಎರಡು ಬದಿಗೆ ಹಿಡಿಗಳು, ಕೆಳತುದಿಯಲ್ಲಿ ಬೆರಳಿನಷ್ಟು ಗಾತ್ರದ ಬಿಟ್, ಹಲಗೆಯ ಮೇಲೆ ಜಾರಲು ಒಂದು ಚಪ್ಪಟೆ ತಳ: ಇಷ್ಟೇ ಅದರ ಒಡಲು. ಗರಗಸ ಮರವನ್ನು ಕೊಯ್ಯುತ್ತದೆ, ಕೀಸುಳಿ ಮೇಲ್ಮೈಯನ್ನು ನಯ ಮಾಡುತ್ತದೆ, ಬೈರಿಗೆ ತೂತು ಕೊರೆಯುತ್ತದೆ. ಹಲಗೆಯ ನಡುವೆ ಶುರುವಾಗಿ ನಡುವೆಯೇ ಮುಗಿಯುವ ತೋಡು, ಬಾಗಿ ಬಳುಕುವ ಅಂಚು, ತಿಜಾಗರಿ ಕೂರುವ ತಗ್ಗು, ಇವು ಆ ಮೂರಕ್ಕೂ ಸಲೀಸಾಗಿ ದಕ್ಕುವ ಕೆಲಸಗಳಲ್ಲ. ರೂಟರ್ ಇರುವುದು ಅಲ್ಲಿ.

ವಿದ್ಯುತ್ತಿನಿಂದ ಓಡುವ ಕೈ ರೂಟರಿಗೆ ಸುಮಾರು ನೂರು ವರ್ಷವಾಗಿದೆ. ಅದು ಮಾಡುವ ಕೆಲಸ ಮಾತ್ರ ಬಹಳ ಹಳೆಯದು. ಈ ಯಂತ್ರದ ಚರಿತ್ರೆಯನ್ನು ಅಲಗಿನ ಚರಿತ್ರೆಯೆಂದಷ್ಟೇ ನೋಡಿದರೆ ಅರ್ಧವಷ್ಟೇ ಕಾಣುತ್ತದೆ. ಆ ಅಲಗನ್ನು ಗೆರೆ ತಪ್ಪದಂತೆ ನಡೆಸುವುದು ಯಾವುದು ಎಂಬ ಪ್ರಶ್ನೆಗೆ ಒಂದೊಂದು ಕಾಲದ ಕಸುಬುದಾರರು ಕೊಟ್ಟುಕೊಂಡ ಉತ್ತರಗಳಲ್ಲಿ ಉಳಿದರ್ಧ ಸಿಗುತ್ತದೆ.

ಯಂತ್ರ ಬರುವ ಮೊದಲು ತೋಡು ತೆಗೆಯುವವರಿಗೆ ಉಳಿ ಮತ್ತು ಕೊಡತಿಯೇ ಗತಿ. ಪುಸ್ತಕದ ಕಪಾಟಿನ ಪಕ್ಕದ ಹಲಗೆಯಲ್ಲಿ ಅಡ್ಡ ಹಲಗೆ ಕೂರುವುದಕ್ಕೆ ಒಂದು ತೋಡು ಬೇಕೆಂದುಕೊಳ್ಳಿ. ಮೊದಲು ಎರಡು ಗೆರೆ ಹಾಕಿ, ಗೆರೆಗುಂಟ ಗರಗಸದಿಂದ ಕೊಯ್ದು, ನಡುವಿನ ಮರವನ್ನು ಉಳಿಯಿಂದ ಎಬ್ಬಬೇಕು. ಅಷ್ಟರವರೆಗೆ ಕಷ್ಟವಿಲ್ಲ. ತೊಡಕಿರುವುದು ತಳದಲ್ಲಿ. ಉಳಿ ಒಂದು ಕಡೆ ಆಳಕ್ಕೆ ಇಳಿದರೆ ಇನ್ನೊಂದು ಕಡೆ ಎಳೆಯ ಜಾಡು ಹಿಡಿದು ಮೇಲಕ್ಕೆ ಏಳುತ್ತದೆ. ತಳ ಏರಿಳಿತವಾಗಿದ್ದರೆ ಹಲಗೆ ಸರಿಯಾಗಿ ಕೂರುವುದಿಲ್ಲ.

ಇದಕ್ಕೆ ಇಂಗ್ಲೆಂಡಿನ ಬಡಗಿಗಳು ಕಂಡುಕೊಂಡ ಉಪಾಯ ಸರಳ. ಅಂಗೈಗೆ ಹಿಡಿಸುವ ಒಂದು ಮರದ ದಿಮ್ಮಿ, ಅದರ ನಡುವೆ ಓರೆಯಾಗಿ ತೂರಿಸಿದ ಒಂದು ಕಿರಿದಾದ ಅಲಗು, ಅದನ್ನು ಬಿಗಿ ಹಿಡಿಯಲು ಒಂದು ಬೆಣೆ. ದಿಮ್ಮಿ ತೋಡಿನ ಎರಡೂ ದಡಗಳ ಮೇಲೆ ಕೂತು ಜಾರುತ್ತದೆ, ಅಲಗು ಕೆಳಕ್ಕೆ ಚಾಚಿಕೊಂಡು ತಳವನ್ನು ಕೆರೆಯುತ್ತದೆ. ದಡ ಸಮವಾಗಿದ್ದರೆ ತಳವೂ ಸಮವಾಗಲೇಬೇಕು. ಒಂಟಿ ಹಲ್ಲು ಹೊರಚಾಚಿದಂತೆ ಕಾಣುತ್ತಿದ್ದ ಈ ಸಾಧನವನ್ನು ಅಲ್ಲಿನವರು ಮುದುಕಿಯ ಹಲ್ಲು ಎಂದೇ ಕರೆಯುತ್ತಿದ್ದರು. ಅಮೆರಿಕದ ಸ್ಟ್ಯಾನ್ಲಿ ಕಂಪನಿ ಇದನ್ನೇ ಎರಕದ ಕಬ್ಬಿಣದಲ್ಲಿ, ಎರಡು ಮರದ ಗುಬುಟುಗಳೊಂದಿಗೆ, ಆಳವನ್ನು ತಿರುಪಿನಿಂದ ಹೊಂದಿಸುವಂತೆ ಮಾಡಿ 71ನೇ ನಂಬರಿನ ರೂಟರ್ ಎಂದು ಮಾರುಕಟ್ಟೆಗೆ ತಂದಿತು. ಅದರ ಪೇಟೆಂಟ್ 1884ರದು. ವಿದ್ಯುತ್ ರೂಟರಿಗೆ ಹೆಸರೂ ಸಿಕ್ಕಿದ್ದು, ಒಡಲಿನ ತರ್ಕವೂ ಸಿಕ್ಕಿದ್ದು ಇದರಿಂದಲೇ: ಹಲಗೆಯ ಮೇಲ್ಮೈಯೇ ಆಸರೆ, ಅಲ್ಲಿಂದ ಕೆಳಕ್ಕೆ ಅಳತೆ ಮಾಡಿದ ಆಳ. ಇಂದಿಗೂ ಕೆನಡಾ, ಅಮೆರಿಕಗಳ ಉಪಕರಣ ತಯಾರಕರು ಈ ಕೈ ರೂಟರನ್ನು ಹೊಸದಾಗಿ ಮಾಡಿ ಮಾರುತ್ತಾರೆ. ಕೂದಲೆಳೆಯಷ್ಟು ಮರ ತೆಗೆದು ಜೋಡಣೆ ಹದಗೊಳಿಸಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ತಗ್ಗು ತೆಗೆದು ತುಂಬುವ ಕೆಲಸವನ್ನು ಉಳಿಯೊಂದರಿಂದಲೇ ಅತ್ಯಂತ ಎತ್ತರಕ್ಕೆ ಒಯ್ದ ಕಡೆಗಳಲ್ಲಿ ಮೈಸೂರೂ ಒಂದು. ಅಂಬಾವಿಲಾಸ ಅರಮನೆಯಲ್ಲಿ ಬೀಟೆ ಮರಕ್ಕೆ ದಂತ ಕೂಡಿಸಿದ ಬಾಗಿಲುಗಳಿವೆ. ಬಗೆಬಗೆಯ ಬಣ್ಣದ ಮರದ ಚೂರುಗಳನ್ನು ಸಣ್ಣ ಗರಗಸದಿಂದ ಕೊಯ್ದು, ಬೀಟೆಯ ಹಲಗೆಯ ಮೇಲಿಟ್ಟು ಅಂಚು ಗೀರಿ, ಆ ಗೀರಿನೊಳಗೆ ಚೂರಿನ ದಪ್ಪಕ್ಕೆ ತಕ್ಕಷ್ಟೇ ತಗ್ಗು ತೆಗೆದು, ಅಂಟು ಹಾಕಿ ಕೂರಿಸಿ ಉಜ್ಜುವ ಈ ಕಸುಬಿಗೆ 2005ರಲ್ಲಿ ಭೌಗೋಳಿಕ ಗುರುತು ದೊರೆಯಿತು. 1972ರ ವನ್ಯಜೀವಿ ಕಾಯ್ದೆಯ ನಂತರ ದಂತದ ಜಾಗಕ್ಕೆ ಬೇರೆ ವಸ್ತುಗಳು ಬಂದವು. ತಗ್ಗು ತೆಗೆಯುವ ಕ್ರಮ ಬದಲಾಗಲಿಲ್ಲ. ಇಲ್ಲಿ ಅಲಗಿಗೆ ದಾರಿ ತೋರುವುದು ಗೀರಿದ ಗೆರೆ ಮತ್ತು ಅದನ್ನು ಬಿಡದ ಕೈ. ಆ ಕೈ ಪಳಗುವುದಕ್ಕೆ ವರ್ಷಗಳೇ ಬೇಕು.

ಅಂಚಿನ ಕೆಲಸಕ್ಕೆ ಯುರೋಪಿನಲ್ಲಿ ಬೇರೊಂದು ದಾರಿಯಿತ್ತು. 18ನೇ ಶತಮಾನದ ಹೊತ್ತಿಗೆ ಅಲ್ಲಿಯ ಮನೆಗಳಿಗೆ, ಪೀಠೋಪಕರಣಗಳಿಗೆ ಮೋಲ್ಡಿಂಗ್ ಇಲ್ಲದೆ ನಡೆಯುತ್ತಿರಲಿಲ್ಲ. ಬಾಗಿಲಿನ ಸುತ್ತ, ಗೋಡೆಯ ಬುಡದಲ್ಲಿ, ಮೇಜಿನ ಅಂಚಿನಲ್ಲಿ ಉಬ್ಬುತಗ್ಗಿನ ಪಟ್ಟಿಗಳು ಬೇಕಿದ್ದವು. ಪ್ರತಿಯೊಂದು ಆಕಾರಕ್ಕೂ ಒಂದೊಂದು ಕೀಸುಳಿ. ಅದರ ತಳವನ್ನೂ ಅಲಗನ್ನೂ ಬೇಕಾದ ಆಕಾರದ ತದ್ವಿರುದ್ಧ ರೂಪದಲ್ಲಿ ಕಡೆದಿರುತ್ತಿದ್ದರು. ಒಬ್ಬ ಬಡಗಿಯ ಪೆಟ್ಟಿಗೆಯಲ್ಲಿ ಇಂಥ ಹತ್ತಾರು ಕೀಸುಳಿ ಇರುವುದು ಮಾಮೂಲು. ಅವನ್ನು ಮಾಡುವುದೇ ಪ್ರತ್ಯೇಕ ಕಸುಬಾಯಿತು. ಅಮೆರಿಕದಲ್ಲಿ ಆ ಕಸುಬಿನ ಮೊದಲಿಗರಲ್ಲಿ ಒಬ್ಬ ಮ್ಯಾಸಚೂಸೆಟ್ಸಿನ ರೆಂಥಮ್ ಊರಿನ ಫ್ರಾನ್ಸಿಸ್ ನಿಕಲ್ಸನ್. ಅವನ ಕೈಕೆಳಗೆ ಗುಲಾಮನಾಗಿ ಕಸುಬು ಕಲಿತವನು ಸೀಸರ್ ಚೆಲರ್. 1753ರಲ್ಲಿ ನಿಕಲ್ಸನ್ ತೀರಿಕೊಂಡಾಗ ಚೆಲರನಿಗೆ ಬಿಡುಗಡೆ ಸಿಕ್ಕಿತು. ಅಲ್ಲಿಂದ ಮುಂದೆ ತನ್ನ ಹೆಸರನ್ನೇ ಒತ್ತಿದ ಕೀಸುಳಿಗಳನ್ನು ಅವನು ಮಾಡಿ ಮಾರಿದ. ಅಮೆರಿಕದ ಉಪಕರಣಗಳನ್ನು ಸಂಗ್ರಹಿಸುವವರು ಇಂದು ಆ ಮುದ್ರೆಯನ್ನು ಹುಡುಕಿಕೊಂಡು ಹೋಗುತ್ತಾರೆ. ಗುಲಾಮಗಿರಿಯ ಕಾಲದ ಒಬ್ಬ ಕಪ್ಪು ಕುಶಲಕರ್ಮಿಯ ಹೆಸರು ಅವನ ಕೆಲಸದ ಮೇಲೆಯೇ ಉಳಿದುಬಂದದ್ದು ಬಹಳ ಅಪರೂಪ.

ಈ ಕೀಸುಳಿಗಳಿಗೆ ದೊಡ್ಡದೊಂದು ಮಿತಿಯಿತ್ತು. ಅವು ನೇರ ಅಂಚಿನಲ್ಲಷ್ಟೇ ಓಡುತ್ತವೆ. ದುಂಡು ಮೇಜಿನ ಅಂಚು, ಕಮಾನಿನ ಕಿಟಕಿ ಬಂದರೆ ಬಡಗಿ ಮತ್ತೆ ಸಣ್ಣ ಕೆರೆಯುಳಿ ಹಿಡಿದು ಒಂದೊಂದೇ ಅಂಗುಲ ಸಾಗಬೇಕಿತ್ತು.

ಅಲಗನ್ನು ಮುಂದಕ್ಕೆ ನೂಕುವುದರ ಬದಲು ತಿರುಗಿಸಿದರೆ ಈ ತೊಡಕು ಇರುವುದಿಲ್ಲ ಎಂಬ ಯೋಚನೆ 18ನೇ ಶತಮಾನದ ಕೊನೆಯಲ್ಲಿ ಗಟ್ಟಿಯಾಯಿತು. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಬೆಂಥಮ್ 1793ರಲ್ಲಿ ಪಡೆದ ಪೇಟೆಂಟಿನಲ್ಲಿ ಮರವನ್ನು ತಿರುಗುವ ಅಲಗುಗಳಿಂದ ಕಡೆಯುವ ಹಲವು ಬಗೆಯ ಯಂತ್ರಗಳ ವಿವರಣೆ ಇದೆ. ಮುಂದೆ ಪೋರ್ಟ್ಸ್‌ಮತ್ ಬಂದರಿನಲ್ಲಿ ಹಡಗಿನ ಹಗ್ಗಗಳಿಗೆ ಬೇಕಾದ ಮರದ ರಾಟೆಗಳನ್ನು ಮಾಡಲು ಮಾರ್ಕ್ ಬ್ರೂನೆಲ್ ರೂಪಿಸಿ, ಹೆನ್ರಿ ಮಾಡ್ಸ್ಲೆ ಕಟ್ಟಿದ ಯಂತ್ರಗಳು 1808ರ ಹೊತ್ತಿಗೆ ವರ್ಷಕ್ಕೆ 1,30,000 ರಾಟೆ ತಯಾರಿಸುತ್ತಿದ್ದವು. 110 ಜನ ಮಾಡುತ್ತಿದ್ದ ಕೆಲಸಕ್ಕೆ 10 ಜನ ಸಾಕಾದರು. 1845ರಲ್ಲಿ ಥಾಮಸ್ ಜೋರ್ಡನ್ ಎಂಬವನು ಪೇಟೆಂಟ್ ಪಡೆದ ಕೆತ್ತನೆಯ ಯಂತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಒಂದು ಮೊಂಡು ಕಡ್ಡಿ ಮಾದರಿ ಕೆತ್ತನೆಯ ಮೇಲೆ ಹರಿದಾಡುತ್ತಿದ್ದರೆ, ಪಕ್ಕದಲ್ಲಿ ತಿರುಗುವ ಅಲಗುಗಳು ಅದೇ ಏರಿಳಿತವನ್ನು ಬೇರೆ ಹಲಗೆಗಳಲ್ಲಿ ಒಟ್ಟೊಟ್ಟಿಗೆ ಕಡೆಯುತ್ತಿದ್ದವು. ಲಂಡನ್ನಿನ ಸಂಸತ್ ಭವನವನ್ನು ಮತ್ತೆ ಕಟ್ಟುವಾಗ ಮರದ ಕೆತ್ತನೆಯ ಮೊದಲ ಒರಟು ಕೆಲಸವನ್ನು ಈ ಯಂತ್ರಕ್ಕೆ ಬಿಟ್ಟರು, ನಯದ ಕೆಲಸವನ್ನು ಶಿಲ್ಪಿಗಳು ಕೈಯಿಂದ ಮುಗಿಸಿದರು. ಅಲಗಿಗೆ ದಾರಿ ತೋರುವ ಕೆಲಸ ಕೈಯಿಂದ ಅಚ್ಚಿಗೆ ದಾಟಿದ್ದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೇಜಿನ ನಡುವಿನಿಂದ ಮೇಲಕ್ಕೆ ಚಾಚಿದ ಸ್ಪಿಂಡಲಿನ ಸುತ್ತ ಅಲಗು ತಿರುಗುವ ಯಂತ್ರಕ್ಕೆ ಅಮೆರಿಕದ ಓಹಾಯೊ ರಾಜ್ಯದ ಆಂಡ್ರ್ಯೂ ಗಿಯರ್ 1853ರಲ್ಲಿ ಪೇಟೆಂಟ್ ಪಡೆದ. ಮರವನ್ನು ಅದರ ಬದಿಗೆ ಒತ್ತಿ ನಡೆಸಿದರೆ ಬಾಗಿದ ಅಂಚೂ ಮೋಲ್ಡಿಂಗ್ ಆಗುತ್ತಿತ್ತು. ಉಗಿಯಂತ್ರದಿಂದ ಓಡುವ ದೊಡ್ಡ ಕಾರ್ಖಾನೆಗಳಿಗೆ ಇದು ವರವಾಯಿತು. ಆದರೆ ಇವೆಲ್ಲ ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ ಭಾರಿ ಯಂತ್ರಗಳು. ಮರವೇ ಯಂತ್ರದ ಬಳಿಗೆ ಹೋಗಬೇಕಿತ್ತು. ಕೂರಿಸಿ ಆದ ಬಾಗಿಲಿಗೋ, ಅರ್ಧ ಕಟ್ಟಿದ ಮೆಟ್ಟಿಲಿಗೋ ಅವು ಉಪಯೋಗಕ್ಕೆ ಬರುತ್ತಿರಲಿಲ್ಲ.

ಯಂತ್ರ ಮರದ ಬಳಿಗೆ ಹೋಗುವಷ್ಟು ಸಣ್ಣದಾಗಲು ಅಡ್ಡಿಯಾಗಿದ್ದದ್ದು ವೇಗ. ಅಲಗು ಮರವನ್ನು ಹರಿಯದೆ ಕತ್ತರಿಸಬೇಕಾದರೆ ಅದರ ತುದಿ ಸೆಕೆಂಡಿಗೆ ಹತ್ತಿಪ್ಪತ್ತು ಮೀಟರಿನಷ್ಟಾದರೂ ಓಡಬೇಕು. ದೊಡ್ಡ ಅಲಗಿಗೆ ಕಡಿಮೆ ಸುತ್ತು ಸಾಕು. 12 ಮಿಲಿಮೀಟರ್ ಅಗಲದ ಬಿಟ್ಟಿಗೆ ನಿಮಿಷಕ್ಕೆ 20,000 ಸುತ್ತು ಕೊಟ್ಟಾಗ ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 12.5 ಮೀಟರ್ ಆಗುತ್ತದೆ. ಕಾರ್ಖಾನೆಗಳ ಮಾಮೂಲು ಇಂಡಕ್ಷನ್ ಮೋಟಾರಿಗೆ ಈ ವೇಗ ಸಾಧ್ಯವಿಲ್ಲ. ಅದರ ಸುತ್ತು ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದದ್ದು. ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 3,600, ನಮ್ಮ 50 ಹರ್ಟ್ಸಿನಲ್ಲಿ 3,000, ಅದೇ ಮೇಲಿನ ಮಿತಿ. ಹಾಗಾಗಿ ಸಣ್ಣ ಬಿಟ್ಟಿನ ಯಂತ್ರ ಹುಟ್ಟಬೇಕಿದ್ದರೆ ಬೇರೆ ಬಗೆಯ ಚಾಲಕಶಕ್ತಿ ಬೇಕಿತ್ತು.

ಅದಕ್ಕೆ ಎರಡು ಪರಿಹಾರಗಳು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಬಂದವು. 1915ರಲ್ಲಿ ಆಸ್ಕರ್ ಆನ್ಸ್ರುಡ್ ಮತ್ತು ಅವನ ಮಗ ರೂಡಿ ಒತ್ತಿದ ಗಾಳಿಯಿಂದ ತಿರುಗುವ ಸ್ಪಿಂಡಲ್ ಇಟ್ಟು ಕೈಯಲ್ಲಿ ಹಿಡಿಯುವ ಯಂತ್ರ ಮಾಡಿದರು. ಗಾಳಿಯ ರಭಸಕ್ಕೆ ಆವರ್ತನದ ಕಟ್ಟಿಲ್ಲ, ಹತ್ತಾರು ಸಾವಿರ ಸುತ್ತು ಸುಲಭ. ಆದರೆ ಗಾಳಿ ಒತ್ತುವ ದೊಡ್ಡ ಯಂತ್ರ ಇರುವ ಕಾರ್ಖಾನೆಯಲ್ಲಷ್ಟೇ ಅದು ನಡೆಯುತ್ತಿತ್ತು. ಎರಡನೆಯದು ಕಾರ್ಬನ್ ಬ್ರಷ್ಷುಗಳಿರುವ ಯೂನಿವರ್ಸಲ್ ಮೋಟಾರು. ಸಣ್ಣ ಗಾತ್ರ, ಹಗುರ, 20,000 ಸುತ್ತಿನ ಆಚೆಗೂ ಓಡುವ ಶಕ್ತಿ. ಮನೆಯ ಮಿಕ್ಸಿಯಲ್ಲಿ ಇವತ್ತಿಗೂ ಕಿರುಚುವುದು ಇದೇ ಮೋಟಾರು.

ಇದನ್ನು ಮರಗೆಲಸಕ್ಕೆ ತಿರುಗಿಸಿದವನು ಆರ್. ಎಲ್. ಕಾರ್ಟರ್. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಸೀಮೆಯ ಈತ ಎರಕದ ಕೆಲಸಕ್ಕೆ ಮರದ ಮಾದರಿ ಮಾಡುವವನು. ಬೆಂಗಳೂರು, ಬೆಳಗಾವಿಯ ಫೌಂಡ್ರಿಗಳಲ್ಲಿ ಪ್ಯಾಟರ್ನ್ ಮೇಕರ್ ಎಂದು ಕರೆಯುತ್ತಾರಲ್ಲ, ಅದೇ ಕಸುಬು. ಈ ಕಸುಬಿನಲ್ಲಿ ಚೂಪಾದ ಅಂಚುಗಳಿಗೆ ಜಾಗವಿಲ್ಲ. ಮಾದರಿಯನ್ನು ಮರಳಿನಲ್ಲಿ ಒತ್ತಿ ಹೊರತೆಗೆಯುವಾಗ ಚೂಪು ಮೂಲೆಯ ಮರಳು ಉದುರುತ್ತದೆ, ಕಾದ ಲೋಹ ಅಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಮಾದರಿಯ ಪ್ರತಿ ಅಂಚನ್ನೂ ದುಂಡು ಮಾಡಬೇಕು. ಒಂದು ಪಂಪಿನ ಒಡಲಿಗೋ ಗೇರ್ ಪೆಟ್ಟಿಗೆಗೋ ಮಾಡುವ ಮಾದರಿಯಲ್ಲಿ ಅಂಥ ಅಂಚುಗಳು ಮೂಲೆಮೂಲೆಗೂ ಇರುತ್ತವೆ. ಕೈಯಿಂದ ಒಂದೇ ಸಮನೆ ದುಂಡು ಮಾಡುವುದು ತಾಳ್ಮೆಯನ್ನು ಹೀರುವ ಕೆಲಸ.

ಮೊದಲ ಮಹಾಯುದ್ಧದ ಕಾಲದಲ್ಲಿ ಕಾರ್ಟರ್ ಇದಕ್ಕೆ ಕಂಡುಕೊಂಡ ದಾರಿ ಕಸುಬಿನವರ ನಡುವೆ ಕಥೆಯಾಗಿ ಉಳಿದಿದೆ. ಕ್ಷೌರಿಕರು ಬಳಸುತ್ತಿದ್ದ ವಿದ್ಯುತ್ ಕತ್ತರಿಯೊಳಗೆ ಸುರುಳಿ ಹಲ್ಲಿನ ಒಂದು ಸಣ್ಣ ಉಕ್ಕಿನ ಚಕ್ರವಿರುತ್ತಿತ್ತು. ಅದನ್ನು ಹೊರತೆಗೆದು, ಸಾಣೆ ಹಿಡಿದು, ದುಂಡು ಅಂಚು ಬರುವ ಆಕಾರಕ್ಕೆ ತಂದು, ಸಣ್ಣ ಮೋಟಾರಿನ ತುದಿಗೆ ಸಿಕ್ಕಿಸಿದ ಎನ್ನುತ್ತಾರೆ. ಮೋಟಾರಿಗೆ ಒಂದು ತಳ ಕಟ್ಟಿ ಮರದ ಅಂಚಿಗುಂಟ ನಡೆಸಿದರೆ ಅಂಚು ಒಂದೇ ಅಳತೆಯಲ್ಲಿ ದುಂಡಾಗುತ್ತಿತ್ತು. ಸುತ್ತಮುತ್ತಲಿನ ಕಸುಬುದಾರರು ತಮಗೂ ಒಂದು ಬೇಕೆಂದರು. ಸಿರಕ್ಯೂಸ್ ಹತ್ತಿರದ ಫೀನಿಕ್ಸ್ ಊರಿನಲ್ಲಿ ಆರ್. ಎಲ್. ಕಾರ್ಟರ್ ಕಂಪನಿ ಈ ಯಂತ್ರವನ್ನು ಮಾಡಿ ಮಾರಲು ಶುರುಮಾಡಿತು. ಕಾರ್ಟರ್ ಕೊಟ್ಟ ಹೆಸರಿನಲ್ಲಿ ರೂಟರ್ ಎಂಬ ಮಾತಿರಲಿಲ್ಲ, ಕೈ ಶೇಪರ್ ಎಂದು ಅದು ಪೇಟೆಗೆ ಬಂತು. ಸಾಧಾರಣ ಅಗತ್ಯವೊಂದಕ್ಕೆ ಕೈಗೆ ಸಿಕ್ಕ ವಸ್ತುವಿನಿಂದ ಮಾಡಿಕೊಂಡ ಪರಿಹಾರ ಮರಗೆಲಸದ ಅಂಗಡಿಗಳಿಗೆಲ್ಲ ಹರಡಿದ್ದು ಹೀಗೆ. ಕಂಪನಿ ಬೆಳೆಯಿತು. 1930ರ ಆಸುಪಾಸಿನಲ್ಲಿ ಸ್ಟ್ಯಾನ್ಲಿ ಅದನ್ನು ಕೊಂಡುಕೊಂಡಿತು. ಕೈಯಿಂದ ನಡೆಸುವ 71ನೇ ನಂಬರಿನ ರೂಟರ್ ಮಾಡುತ್ತಿದ್ದ ಮನೆಗೇ ವಿದ್ಯುತ್ ರೂಟರೂ ಬಂದು ಸೇರಿತು.

ಅದನ್ನು ಮೊದಲು ಅಪ್ಪಿಕೊಂಡವರಲ್ಲಿ ಮನೆ ಕಟ್ಟುವ ಬಡಗಿಗಳು ಮುಖ್ಯರು. ಒಂದು ಬಾಗಿಲಿಗೆ ಮೂರು ತಿಜಾಗರಿ ಎಂದರೆ ಬಾಗಿಲಿನಲ್ಲಿ ಮೂರು, ಚೌಕಟ್ಟಿನಲ್ಲಿ ಮೂರು, ಒಟ್ಟು ಆರು ತಗ್ಗು. ನೂರು ಬಾಗಿಲಿನ ಕಟ್ಟಡಕ್ಕೆ ಆರುನೂರು. ಒಂದೇ ಒಂದು ತಗ್ಗು ಸ್ವಲ್ಪ ಆಳವಾದರೂ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕಾಗಿ ಲೋಹದ ಅಚ್ಚು ಬಂತು. ಅಚ್ಚನ್ನು ಬಾಗಿಲಿನ ದಪ್ಪಕ್ಕೆ ಮೊಳೆಯಿಂದ ಕಚ್ಚಿಸಿ, ಅದರ ಕಿಂಡಿಯೊಳಗೆ ರೂಟರನ್ನು ಓಡಿಸಿದರೆ ಮೂರೂ ತಗ್ಗು ಒಂದೇ ಆಳಕ್ಕೆ, ಒಂದೇ ಅಂತರಕ್ಕೆ ಬರುತ್ತವೆ. ಅದೇ ಅಚ್ಚನ್ನು ಚೌಕಟ್ಟಿಗೆ ಹಾಕಿದರೆ ಎರಡೂ ತಪ್ಪದೆ ಕೂಡುತ್ತವೆ. ಮೆಟ್ಟಿಲಿನ ಹಲಗೆಗಳು ಕೂರುವ ತೋಡುಗಳಿಗೂ ಇಂಥದ್ದೇ ಅಚ್ಚು ಬಂತು. ತಿರುಗುವ ಬಿಟ್ ದುಂಡಾದ್ದರಿಂದ ತಗ್ಗಿನ ಮೂಲೆಯೂ ದುಂಡಾಗಿ ಉಳಿಯುತ್ತದೆ, ಚೌಕ ಮೂಲೆಯ ತಿಜಾಗರಿ ಕೂರಬೇಕಾದರೆ ಮೂಲೆಯನ್ನು ಉಳಿಯಿಂದ ಬಿಡಿಸಬೇಕು. ಅಮೆರಿಕದಲ್ಲಿ ಕೊನೆಗೆ ತಿಜಾಗರಿಯನ್ನೇ ದುಂಡು ಮೂಲೆಯದಾಗಿ ಮಾಡಿ ಮಾರತೊಡಗಿದರು. ಉಪಕರಣವೊಂದು ತನಗೆ ತಕ್ಕಂತೆ ಮನೆಯ ಬಾಗಿಲಿನ ಕಬ್ಬಿಣದ ರೂಪವನ್ನೇ ಬದಲಿಸಿತು.

ಕಾರ್ಖಾನೆಯಲ್ಲಿ ಇನ್ನೊಂದು ತಳಿ ಬೆಳೆಯಿತು. ಮೇಲಿನ ತೋಳಿನಿಂದ ಬಿಟ್ ಕೆಳಗೆ ಇಳಿಯುತ್ತದೆ, ಕೆಳಗಿನ ಮೇಜಿನಲ್ಲಿ ಬಿಟ್ಟಿನ ನೇರಕ್ಕೆ ಒಂದು ಉಕ್ಕಿನ ಗೂಟ ಎದ್ದು ನಿಂತಿರುತ್ತದೆ. ಕೆಲಸದ ಹಲಗೆಯ ಅಡಿಗೆ ಅಚ್ಚನ್ನು ಕಚ್ಚಿಸಿ, ಅಚ್ಚಿನ ಅಂಚು ಗೂಟಕ್ಕೆ ಒರಗುವಂತೆ ನಡೆಸಿದರೆ ಮೇಲೆ ಬಿಟ್ ಅದೇ ಗೆರೆಯನ್ನು ಕೊರೆಯುತ್ತದೆ. ಇವುಗಳ ಮೋಟಾರಿಗೆ ವಿದ್ಯುತ್ತಿನ ಆವರ್ತನವನ್ನು 300 ಹರ್ಟ್ಸಿಗೆ ಏರಿಸಿ 18,000 ಸುತ್ತು ಕೊಡುವ ಏರ್ಪಾಡು ಬಂತು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಕಾರ್ಖಾನೆಗಳು ಅಲ್ಯೂಮಿನಿಯಂ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಇಂಥ ರೂಟರಿನಿಂದ ಕತ್ತರಿಸಿದವು.

ಕೈ ರೂಟರಿನಲ್ಲಿ ಮಾತ್ರ ಹಳೆಯ ಅಪಾಯವೊಂದು ಉಳಿದೇ ಇತ್ತು. ಮೋಟಾರು ತಳಕ್ಕೆ ಬಿಗಿಯಾಗಿ ಕಟ್ಟಿರುವುದರಿಂದ ಬಿಟ್ ಯಾವಾಗಲೂ ಹೊರಚಾಚಿಕೊಂಡೇ ಇರುತ್ತದೆ. ಹಲಗೆಯ ನಡುವಿನಿಂದ ತೋಡು ಶುರುಮಾಡಬೇಕಾದರೆ ಯಂತ್ರವನ್ನು ಓರೆ ಹಿಡಿದು, ಓಡುತ್ತಿರುವ ಬಿಟ್ಟನ್ನು ಮೆಲ್ಲಗೆ ಮರದೊಳಕ್ಕೆ ಬಗ್ಗಿಸಬೇಕು. ಬಿಟ್ ಮರವನ್ನು ಕಚ್ಚಿ ಯಂತ್ರ ಜಿಗಿದರೆ ಹಲಗೆಯೂ ಹೋಯಿತು, ಕೆಲವೊಮ್ಮೆ ಬೆರಳೂ ಹೋಯಿತು. ಜರ್ಮನಿಯ ಎಲು ಕಂಪನಿ 1950ರ ಆಸುಪಾಸಿನಲ್ಲಿ ತಂದ ಪ್ಲಂಜ್ ರೂಟರ್ ಇದನ್ನು ಬಿಡಿಸಿತು. ತಳದಿಂದ ಎದ್ದ ಎರಡು ಕಂಬಗಳ ಮೇಲೆ, ಸ್ಪ್ರಿಂಗುಗಳ ಆಸರೆಯಲ್ಲಿ ಮೋಟಾರು ಮೇಲೆ ಕೆಳಗೆ ಜಾರುತ್ತದೆ. ತಳವನ್ನು ಹಲಗೆಯ ಮೇಲೆ ಗಟ್ಟಿಯಾಗಿ ಊರಿ, ಮೋಟಾರು ಪೂರ್ತಿ ವೇಗಕ್ಕೆ ಬಂದ ಮೇಲೆ ಹಿಡಿಗಳನ್ನು ಒತ್ತಿದರೆ ಬಿಟ್ ನೇರ ಕೆಳಕ್ಕೆ ಇಳಿಯುತ್ತದೆ. ಇಷ್ಟೇ ಆಳ ಎಂದು ಮೊದಲೇ ಇಟ್ಟ ತಡೆ ಅದನ್ನು ನಿಲ್ಲಿಸುತ್ತದೆ. ಕೈ ಸಡಿಲಿಸಿದರೆ ಸ್ಪ್ರಿಂಗು ಬಿಟ್ಟನ್ನು ಮೇಲಕ್ಕೆ ಎತ್ತುತ್ತದೆ. ಆಳವಾದ ತೋಡನ್ನು ಒಂದೇ ಸಲಕ್ಕೆ ಅಲ್ಲದೆ ಮೂರು ನಾಲ್ಕು ಹಂತದಲ್ಲಿ ಇಳಿಸುವ ಪದ್ಧತಿ ಇದರಿಂದ ಸುಲಭವಾಯಿತು. ಕೈ ರೂಟರಿನ ಚರಿತ್ರೆಯಲ್ಲಿ ಕಾರ್ಟರನ ಮೋಟಾರಿನ ನಂತರದ ದೊಡ್ಡ ಹೆಜ್ಜೆ ಇದೇ. ಆದರೂ ಅಮೆರಿಕದ ಅಂಗಡಿಗಳಿಗೆ ಪ್ಲಂಜ್ ರೂಟರ್ ಧಾರಾಳವಾಗಿ ಬರಲು 1980ರ ದಶಕದಲ್ಲಿ ಮಕಿಟಾ, ಹಿಟಾಚಿ, ರಿಯೋಬಿಯಂಥ ಜಪಾನಿ ಕಂಪನಿಗಳು ಬರಬೇಕಾಯಿತು.

ಯಂತ್ರ ಇಷ್ಟು ಸುಧಾರಿಸುವ ಹೊತ್ತಿಗೆ ಮರವೇ ಬದಲಾಗುತ್ತಿತ್ತು. 1913ರಲ್ಲಿ ಅಮೆರಿಕದಲ್ಲಿ ಶುರುವಾದ ಫಾರ್ಮೈಕಾ ಕಂಪನಿ ಮೊದಲು ಮಾಡುತ್ತಿದ್ದದ್ದು ವಿದ್ಯುತ್ ಯಂತ್ರಗಳಿಗೆ ಬೇಕಾದ ನಿರೋಧಕ ಭಾಗಗಳನ್ನು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದರ ಬಣ್ಣಬಣ್ಣದ ಹಾಳೆ ಅಡುಗೆಮನೆಗಳಿಗೆ ನುಗ್ಗಿತು. ಹಾಳೆಯನ್ನು ಹಲಗೆಗಿಂತ ಚೂರು ದೊಡ್ಡದಾಗಿ ಕತ್ತರಿಸಿ ಅಂಟಿಸಿ, ಹೊರಚಾಚಿದ ಅಂಚನ್ನು ಕೊನೆಗೆ ಸಮ ಮಾಡುವುದು ಪದ್ಧತಿ. ರೂಟರಿಗೆ ಹೇಳಿ ಮಾಡಿಸಿದ ಕೆಲಸ. ಬಿಟ್ಟಿನ ತುದಿಯಲ್ಲಿ ಅಲಗಿನಷ್ಟೇ ಅಗಲದ ಒಂದು ದುಂಡು ಮೂತಿ ಇಟ್ಟರೆ ಅದು ಕೆಳಗಿನ ಹಲಗೆಗೆ ಒರಗಿ ಸಾಗುತ್ತದೆ, ಮೇಲಿನ ಅಲಗು ಹಾಳೆಯನ್ನು ಹಲಗೆಯ ಮಟ್ಟಕ್ಕೇ ಸವರುತ್ತದೆ. ಮೊದಲು ಈ ಮೂತಿ ಬಿಟ್ಟಿನ ಜೊತೆಗೇ ತಿರುಗುವ ಗಟ್ಟಿ ಉಕ್ಕಾಗಿತ್ತು, ಉಜ್ಜಿ ಉಜ್ಜಿ ಮರವನ್ನು ಸುಟ್ಟು ಕಪ್ಪು ಗೆರೆ ಬಿಡುತ್ತಿತ್ತು. ಅದರ ಜಾಗಕ್ಕೆ ಸಣ್ಣ ಬೇರಿಂಗ್ ಬಂದ ಮೇಲೆ ಆ ಕಾಟ ತಪ್ಪಿತು. ಬೇರೆ ಪಟ್ಟಿ, ಗೂಟ, ಅಚ್ಚಿನ ಹಂಗಿಲ್ಲದೆ ಬಿಟ್ ತನ್ನ ದಾರಿಯನ್ನು ತಾನೇ ಹೊತ್ತು ತಿರುಗತೊಡಗಿತು. ಈ ಕೆಲಸಕ್ಕೆಂದೇ ಒಂದೇ ಕೈಯಲ್ಲಿ ಹಿಡಿಯುವ ಸಣ್ಣ ರೂಟರ್ ಹುಟ್ಟಿತು. ಬಡಗಿಗಳು ಟ್ರಿಮ್ಮರ್ ಎನ್ನುವುದು ಇದಕ್ಕೇ.

ಹಾಳೆ, ಪ್ಲೈವುಡ್, ಪುಡಿ ಮರದ ಹಲಗೆಗಳಲ್ಲಿರುವ ಗಟ್ಟಿ ಅಂಟು ಉಕ್ಕಿನ ಅಲಗನ್ನು ಬೇಗ ಮೊಂಡಾಗಿಸುತ್ತಿತ್ತು. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದ ಕೊನೆಯಲ್ಲಿ ವಿಡಿಯಾ ಎಂಬ ಹೆಸರಿನಲ್ಲಿ ಮಾರತೊಡಗಿದ ಟಂಗ್‌ಸ್ಟನ್ ಕಾರ್ಬೈಡ್ ಅದಕ್ಕೆ ಮದ್ದಾಯಿತು. ಉಕ್ಕಿನ ಬಿಟ್ಟಿಗೆ ಕಾರ್ಬೈಡಿನ ತುಣುಕನ್ನು ಬೆಸೆದರೆ ಅಲಗು ಹಲವು ಪಟ್ಟು ಹೆಚ್ಚು ಕಾಲ ಬಾಳುತ್ತದೆ. 1960ರ ದಶಕದಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ವಿಡಿಯಾ ಕಂಪನಿಯ ಭಾರತೀಯ ಕಾರ್ಖಾನೆ ನೆಲೆಯೂರಿತು, ಇಂದು ಅದು ಕೆನ್ನಮೆಟಲ್ ಹೆಸರಿನಲ್ಲಿದೆ. ಅದರ ಮುಖ್ಯ ಸರಕು ಲೋಹ ಕೊರೆಯುವ ಅಲಗುಗಳು. ಆದರೆ ಕಾರ್ಬೈಡ್ ತುದಿಯ ಯಾವ ಬಿಟ್ಟಿಗೂ ಬ್ಲೇಡಿಗೂ ವಿಡಿಯಾ ಎನ್ನುವ ರೂಢಿ ಮರಗೆಲಸದವರಲ್ಲೂ ಬೇರುಬಿಟ್ಟಿದೆ.

1980ರ ದಶಕ ಅಮೆರಿಕದಲ್ಲಿ ಹವ್ಯಾಸಿ ಬಡಗಿಗಳು ರೂಟರ್ ಹಿಡಿದ ಕಾಲ. ಪ್ಯಾಟ್ರಿಕ್ ಸ್ಪೀಲ್ಮನ್ ಬರೆದ ರೂಟರ್ ಕೈಪಿಡಿ 1983ರಲ್ಲಿ ಬಂತು. 1989ರಲ್ಲಿ ಶುರುವಾದ ನಾರ್ಮ್ ಅಬ್ರಾಮ್ ಅವರ ಮರಗೆಲಸದ ದೂರದರ್ಶನ ಕಾರ್ಯಕ್ರಮದಲ್ಲಿ ರೂಟರ್ ಇಲ್ಲದ ವಾರವೇ ಅಪರೂಪ ಎನ್ನಬೇಕು. ಅಲ್ಲಿಯವರೆಗೆ ಪಳಗಿದ ಕೈಗಷ್ಟೇ ಒಲಿಯುತ್ತಿದ್ದ, ಹಲ್ಲುಗಳು ಒಂದರೊಳಗೊಂದು ಕಚ್ಚಿಕೊಳ್ಳುವ ಡವ್‌ಟೇಲ್ ಜೋಡಣೆಯನ್ನು ಅಚ್ಚಿನ ನೆರವಿನಿಂದ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾಯಿತು. ಕೈಕೆಲಸದ ಅಂದ ಇದರಿಂದ ಸವೆಯಿತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಅಚ್ಚಿನಿಂದ ಬಂದ ಜೋಡಣೆಗಳು ಒಂದರಂತೆ ಒಂದು ಕಾಣುತ್ತವೆ. ಆದರೆ ಹತ್ತು ವರ್ಷ ಗುರುವಿನ ಬಳಿ ಇರಲಾಗದ ಲಕ್ಷಾಂತರ ಜನ ತಮ್ಮ ಮನೆಯ ಮೇಜನ್ನು ತಾವೇ ಮಾಡಿಕೊಂಡದ್ದು ಅದಕ್ಕಿಂತ ದೊಡ್ಡ ಲಾಭ.

ಹೊಸಬರು ಎಡವುವ ಜಾಗ ಮೊದಲಿನಿಂದಲೂ ಒಂದೇ: ಯಂತ್ರವನ್ನು ಯಾವ ಕಡೆಗೆ ನೂಕಬೇಕೆಂಬುದು. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅಂಚಿಗೆ ಎದುರಾಗಿ ನಿಂತವನು ರೂಟರನ್ನು ಎಡದಿಂದ ಬಲಕ್ಕೆ ಒಯ್ದರೆ ಅಲಗು ಮರವನ್ನು ಎದುರಿಸುತ್ತಾ ಕತ್ತರಿಸುತ್ತದೆ, ಯಂತ್ರ ಹತೋಟಿಯಲ್ಲಿರುತ್ತದೆ. ಬಲದಿಂದ ಎಡಕ್ಕೆ ಒಯ್ದರೆ ಅಲಗೇ ಚಕ್ರದಂತೆ ಮರದ ಮೇಲೆ ಉರುಳಿ ಯಂತ್ರವನ್ನು ಎಳೆದುಕೊಂಡು ಓಡುತ್ತದೆ. ಹಲಗೆಯ ಹೊರ ಅಂಚಿನ ಸುತ್ತ ಹೋಗುವಾಗ ಗಡಿಯಾರಕ್ಕೆ ಎದುರಾಗಿ, ಚೌಕಟ್ಟಿನ ಒಳ ಅಂಚಿನಲ್ಲಿ ಗಡಿಯಾರದಂತೆ. ರೂಟರನ್ನು ತಲೆಕೆಳಗಾಗಿ ಮೇಜಿಗೆ ಕಟ್ಟಿದಾಗ ಎಲ್ಲವೂ ತಿರುಗುಮುರುಗು, ಆಗ ಮರವನ್ನು ಬಲದಿಂದ ಎಡಕ್ಕೆ ಕೊಡಬೇಕು. ಇನ್ನೊಂದು ತಪ್ಪು ವೇಗದ್ದು. 75 ಮಿಲಿಮೀಟರ್ ಅಗಲದ ಬಿಟ್ಟನ್ನು 20,000 ಸುತ್ತಿನಲ್ಲೇ ಓಡಿಸಿದರೆ ಅದರ ತುದಿ ಸೆಕೆಂಡಿಗೆ 78 ಮೀಟರ್ ದಾಟುತ್ತದೆ. ಸುತ್ತನ್ನು ಅರ್ಧಕ್ಕೆ ಇಳಿಸದೆ ಅಂಥ ಬಿಟ್ಟನ್ನು ಹಚ್ಚಬಾರದು. ವೇಗ ಹೊಂದಿಸುವ ಎಲೆಕ್ಟ್ರಾನಿಕ್ ಗುಬುಟು ಬಂದಿದ್ದು ಈ ಕಾರಣಕ್ಕೆ. ಹೊಟ್ಟಿನ ವಿಷಯದಲ್ಲಿ ಎಚ್ಚರ ತಡವಾಗಿ ಬಂತು. ಮರದ ನುಣ್ಣನೆಯ ಧೂಳು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿ ವರ್ಗೀಕರಿಸಿದ ಮೇಲೂ ಎಷ್ಟೋ ಕೆಲಸದ ಜಾಗಗಳಲ್ಲಿ ಬಾಯಿಗೆ ಕಟ್ಟಿದ ಟವೆಲ್ಲೇ ರಕ್ಷಣೆಯಾಗಿ ಉಳಿದಿದೆ. ಇದು ಆಗಬಾರದ ಸಂಗತಿ.

ಕರ್ನಾಟಕದಲ್ಲಿ ರೂಟರ್ ಒಳಬಂದದ್ದು ಬಹುಪಾಲು ಟ್ರಿಮ್ಮರಿನ ರೂಪದಲ್ಲಿ. ತೇಗ, ಹಲಸಿನ ಮರದ ಬಾಗಿಲು ಕಿಟಕಿಗಳ ಕಾಲದಲ್ಲಿ ತೋಪಡ, ಬಾಚಿ, ಉಳಿ ಸಾಕಾಗಿದ್ದವು. ಪ್ಲೈವುಡ್ಡಿನ ಕಪಾಟು ಮತ್ತು ಸನ್‌ಮೈಕಾ ಬಂದಾಗ ಹಾಳೆಯ ಅಂಚನ್ನು ತೋಪಡ ಹೊಡೆದು, ಅರ ಹಾಕಿ ಉಜ್ಜುತ್ತಿದ್ದರು. ಚೂರು ಕೈ ತಪ್ಪಿದರೆ ಹಾಳೆ ಚಕ್ಕೆ ಎದ್ದು ಬರುತ್ತಿತ್ತು. 1990ರ ದಶಕದ ಉದಾರೀಕರಣದ ನಂತರ ಹೊರದೇಶದ ಕಂಪನಿಗಳ ವಿದ್ಯುತ್ ಉಪಕರಣ ಸುಲಭವಾಗಿ ಸಿಗತೊಡಗಿತು, ಬೆಂಗಳೂರಿನಲ್ಲಿ ಫ್ಲ್ಯಾಟುಗಳು ಎದ್ದವು, ಒಂದೊಂದು ಮನೆಗೂ ಅಡುಗೆಮನೆಯ ಕಪಾಟು, ವಾರ್ಡ್‌ರೋಬು ಬೇಕಾದವು. ಕೂಲಿಯ ಲೆಕ್ಕ ದಿನದಿಂದ ಚದರಡಿಗೆ ಬದಲಾದ ಕಡೆಗಳಲ್ಲಿ ವೇಗವೇ ಸಂಪಾದನೆ. ಅಲ್ಲಿ ಟ್ರಿಮ್ಮರ್ ಕೊಳ್ಳುವುದು ಬಡಗಿಗೆ ಅನಿವಾರ್ಯವಾಯಿತು. ಕಲಿಕೆ ನಡೆದದ್ದು ಕೆಲಸದ ಜಾಗದಲ್ಲೇ. ಸಹಾಯಕನಾಗಿ ಬಂದ ಹುಡುಗ ಮೊದಲು ಬೇರಿಂಗ್ ಇರುವ ಬಿಟ್ಟಿನಿಂದ ಕಪಾಟಿನ ಒಳಭಾಗದ, ಕಣ್ಣಿಗೆ ಬೀಳದ ಅಂಚುಗಳನ್ನು ಸವರುತ್ತಾನೆ. ಕೈ ಕುದುರಿದ ಮೇಲೆ ಹೊರಬಾಗಿಲಿನ ಅಂಚು ಅವನಿಗೆ ಬರುತ್ತದೆ.

ಅಲಗನ್ನು ನಡೆಸುವ ಕೆಲಸ ಕೊನೆಗೆ ಕಂಪ್ಯೂಟರಿಗೆ ಬಂತು. ಅಂಕಿಗಳ ಆಜ್ಞೆಯಿಂದ ಓಡುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂಐಟಿ 1952ರಲ್ಲಿ ಲೋಹದ ಕೆಲಸಕ್ಕಾಗಿ ತೋರಿಸಿತ್ತು. 1960ರ ದಶಕದ ಕೊನೆಯಲ್ಲಿ ಜಪಾನಿನ ಹಮಾಮಾತ್ಸುವಿನ ಶೋಡಾ ಕಂಪನಿ ಅದೇ ತತ್ತ್ವವನ್ನು ಮರದ ರೂಟರಿಗೆ ತಂದಿತು. ಇಂದು ಸಿಎನ್‌ಸಿ ರೂಟರ್ ಎಂದು ಕರ್ನಾಟಕದ ಸಣ್ಣ ಊರುಗಳ ಬೋರ್ಡುಗಳಲ್ಲೂ ಕಾಣುವ ಯಂತ್ರ ಇದೇ ವಂಶದ್ದು. ಹಲಗೆಯನ್ನು ಮೇಜಿಗೆ ಕಚ್ಚಿಸಿದರೆ ಮೇಲಿನ ಸೇತುವೆಯಲ್ಲಿ ಸ್ಪಿಂಡಲ್ ಉದ್ದ, ಅಗಲ, ಆಳ ಮೂರೂ ದಿಕ್ಕಿಗೆ ಚಲಿಸಿ ಕಡತದಲ್ಲಿರುವ ಆಕಾರವನ್ನು ಕೊರೆಯುತ್ತದೆ. ದೇವರಕೋಣೆಯ ಬಾಗಿಲು, ಜಾಲಿ ಕೆಲಸದ ತೆರೆ, ಮುಂಬಾಗಿಲಿನ ಗಣಪತಿ, ಎಲ್ಲಕ್ಕೂ ಸಿದ್ಧ ಕಡತಗಳು ಕೈಯಿಂದ ಕೈಗೆ ಓಡಾಡುತ್ತವೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂಥ ಯಂತ್ರಗಳನ್ನು ನಡೆಸಲು ಕಲಿಸುವ ಸುಧಾರಿತ ಮರಗೆಲಸ ತರಬೇತಿ ಕೇಂದ್ರವನ್ನು ತನ್ನ ಆವರಣದಲ್ಲಿ ತೆರೆದಿದೆ.

ಕಡತದ ಗಣಪತಿ ಎಷ್ಟು ನಯವಾಗಿ ಬರುತ್ತಾನೆ ಎಂಬುದು ಬಿಟ್ಟಿನ ತುದಿಯ ಗಾತ್ರಕ್ಕೂ ಒಂದು ಗೆರೆಯಿಂದ ಮುಂದಿನ ಗೆರೆಗೆ ಇಡುವ ಅಂತರಕ್ಕೂ ಸೇರಿದ್ದು. ದಪ್ಪ ಬಿಟ್ ಬೇಗ ಮುಗಿಸುತ್ತದೆ, ಆದರೆ ಆಭರಣದ ಸಂದು, ಬೆರಳುಗಳ ನಡುವಿನ ಗೆರೆ ಅದಕ್ಕೆ ಸಿಗುವುದಿಲ್ಲ. ಅಂತರವನ್ನು ಅರ್ಧ ಮಾಡಿದರೆ ಯಂತ್ರದ ಹೊತ್ತು ಎರಡರಷ್ಟಾಗುತ್ತದೆ. ಅದಕ್ಕಾಗಿ ಮೊದಲು ದಪ್ಪ ಬಿಟ್ಟಿನಿಂದ ಒರಟು ರೂಪ ತೆಗೆದು, ಆಮೇಲೆ ಮೊನಚು ಬಿಟ್ ಹಾಕಿ ಗಂಟೆಗಟ್ಟಲೆ ಓಡಿಸುತ್ತಾರೆ. ಬೇಗ ಕೊಡಬೇಕಾದ ಬಾಗಿಲಿನಲ್ಲಿ ಆ ಎರಡನೆಯ ಹಂತವನ್ನು ಮೊಟಕು ಮಾಡಿ, ಸಂದುಗಳನ್ನು ಉಳಿಯಿಂದ ಬಿಡಿಸಿ ಮುಗಿಸುವುದೂ ಉಂಟು.